ಕೊಳವೆ ಜೋಡಣೆಯಲ್ಲಿ ಒತ್ತಡ ನಷ್ಟ: ಲೆಕ್ಕದಲ್ಲಿ ಕಾಣದ ವೆಚ್ಚ

ಸಣ್ಣ ಕೈಗಾರಿಕೆಗಳ ಲೆಕ್ಕಪತ್ರಗಳಲ್ಲಿ ವಿದ್ಯುತ್ ವೆಚ್ಚವು ಸಾಮಾನ್ಯವಾಗಿ ಒಂದೇ ಶೀರ್ಷಿಕೆಯಡಿ ದಾಖಲಾಗುತ್ತದೆ. ಅದರಲ್ಲಿ ಉತ್ಪಾದನೆಗೆ ಸಂದದ್ದೆಷ್ಟು, ಕೊಳವೆಮಾರ್ಗದಲ್ಲಿ ವ್ಯರ್ಥವಾದದ್ದೆಷ್ಟು ಎಂಬುದು ತಿಳಿಯುವುದಿಲ್ಲ. ಬೇರೆ ಬೇರೆ ವ್ಯಾಸದ ಕೊಳವೆಗಳು ಕೂಡುವಲ್ಲಿ ಉಂಟಾಗುವ ಒತ್ತಡ ನಷ್ಟವು ಇಂತಹ ವ್ಯರ್ಥ ವೆಚ್ಚಗಳಲ್ಲೊಂದು.

ಕೊಳವೆಯ ವ್ಯಾಸ ಅರ್ಧವಾದರೆ ಅಷ್ಟೇ ನೀರು 4 ಪಟ್ಟು ವೇಗದಲ್ಲಿ ಹರಿಯಬೇಕಾಗುತ್ತದೆ. ಅದರ ಚಲನಶಕ್ತಿ 16 ಪಟ್ಟಾಗುತ್ತದೆ. ಇದಕ್ಕಾಗಿ ತಗ್ಗಿದ ಒತ್ತಡವು ಮುಂದೆ ಕೊಳವೆ ಅಗಲವಾದಾಗ ಪೂರ್ಣವಾಗಿ ಮರಳುವುದಿಲ್ಲ. ಹಠಾತ್ತನೆ ಅಗಲವಾಗುವಲ್ಲಿ ಸುಳಿಗಳೆದ್ದು ಶಕ್ತಿಯ ಒಂದಂಶ ಶಾಖವಾಗಿ ಹೋಗುತ್ತದೆ. ಈ ನಷ್ಟವು ಎರಡು ವೇಗಗಳ ವ್ಯತ್ಯಾಸದ ವರ್ಗಕ್ಕೆ ಅನುಗುಣವಾಗಿರುತ್ತದೆ ಎಂಬುದೇ ಬೋರ್ಡಾ-ಕಾರ್ನೋ ಸೂತ್ರ. ಹಠಾತ್ತನೆ ಕಿರಿದಾಗುವಲ್ಲಿಯೂ ನಷ್ಟವುಂಟು. ಆದರೆ ಅದೇ ಅಳತೆಗಳಿಗೆ ಅದು ತುಸು ಕಡಿಮೆ.

ಒಂದು ಉದಾಹರಣೆ ನೋಡಬಹುದು. 50 ಮಿ.ಮೀ. ಮಾರ್ಗದಲ್ಲಿ ಸೆಕೆಂಡಿಗೆ ಸುಮಾರು 2 ಲೀಟರ್ ನೀರು ಹರಿಯುತ್ತಿದೆ. ದುರಸ್ತಿಯ ವೇಳೆ ಕೈಗೆ ಸಿಕ್ಕಿದ 25 ಮಿ.ಮೀ. ಜಿ.ಐ. ಕೊಳವೆಯನ್ನು 5 ಮೀಟರಿನಷ್ಟು ನಡುವೆ ಸೇರಿಸಲಾಯಿತು ಎನ್ನೋಣ. ಅಷ್ಟೇ ನೀರು ಬರಬೇಕಾದರೆ ಪಂಪು ನೀರನ್ನು ಸುಮಾರು 6 ಮೀಟರ್ ಹೆಚ್ಚು ಎತ್ತರಕ್ಕೆ ಏರಿಸಿದಷ್ಟು ಶ್ರಮಿಸಬೇಕು. ಇದರಲ್ಲಿ ಎರಡು ಜೋಡಣೆಗಳ ಪಾಲು ಸುಮಾರು 0.75 ಮೀಟರ್, ಉಳಿದದ್ದು ಕಿರಿದಾದ ಕೊಳವೆಯೊಳಗಿನ ಘರ್ಷಣೆಯದು.

ಪಂಪ್‌ಸೆಟ್ಟಿನ ದಕ್ಷತೆ ಶೇ. 50 ಎಂದೂ, ದಿನಕ್ಕೆ 10 ಗಂಟೆಯಂತೆ ವರ್ಷದಲ್ಲಿ 300 ದಿನ ಕೆಲಸವೆಂದೂ ಭಾವಿಸಿದರೆ ಸುಮಾರು 690 ಯೂನಿಟ್ ಹೆಚ್ಚುವರಿಯಾಗಿ ಬೇಕು. ಯೂನಿಟ್ಟಿಗೆ 8 ರೂ. ಎಂದು ಹಿಡಿದರೆ ವರ್ಷಕ್ಕೆ ಸುಮಾರು 5,500 ರೂ. ಕೊಳವೆ ಕೊಳ್ಳುವಾಗ ಆದ ಉಳಿತಾಯ ಒಮ್ಮೆಯದು. ಈ ವೆಚ್ಚವಾದರೋ ಪ್ರತಿವರ್ಷದ್ದು. ಪಂಪಿಗೆ ಆ ಹೆಚ್ಚಿನ ಸಾಮರ್ಥ್ಯವಿಲ್ಲದಿದ್ದರೆ ನೀರಿನ ಪ್ರಮಾಣವೇ ಕುಗ್ಗಿ ಉತ್ಪಾದನೆ ಕುಂಠಿತವಾಗುತ್ತದೆ.

ಸಂಕುಚಿತ ವಾಯುವಿನ ಮಾರ್ಗಗಳಿಗೂ ಈ ಎಚ್ಚರಿಕೆ ಅಗತ್ಯ. 7 ಬಾರ್ ಆಸುಪಾಸಿನಲ್ಲಿ ದುಡಿಯುವ ಕಂಪ್ರೆಸರಿನ ಒತ್ತಡವನ್ನು 1 ಬಾರ್ ಏರಿಸಿದರೆ ವಿದ್ಯುತ್ ಬಳಕೆ ಸುಮಾರು ಶೇ. 7ರಷ್ಟು ಹೆಚ್ಚುತ್ತದೆ.

ಆದುದರಿಂದ ಮುಖ್ಯ ಮಾರ್ಗದ ವ್ಯಾಸವನ್ನು ನಡುವೆ ಬದಲಿಸದಿರುವುದು ಲೇಸು. ಬದಲಾವಣೆ ಅನಿವಾರ್ಯವಾದಲ್ಲಿ ಕ್ರಮೇಣ ಕಿರಿದಾಗುವ ಅಥವಾ ಅಗಲವಾಗುವ ಶಂಕುವಿನಾಕಾರದ ರೆಡ್ಯೂಸರ್ ಬಳಸಬೇಕು. ಕಿರಿದಾದ ಭಾಗವು ಆದಷ್ಟು ಗಿಡ್ಡವಾಗಿರಬೇಕು. ಕೊಳವೆ ಖರೀದಿಯ ದರಪಟ್ಟಿಗಳನ್ನು ಹೋಲಿಸುವಾಗ ಬೆಲೆಯ ಪಕ್ಕದಲ್ಲಿಯೇ ವಾರ್ಷಿಕ ವಿದ್ಯುತ್ ವೆಚ್ಚವನ್ನೂ ನಮೂದಿಸಿದರೆ, ಯಾವುದು ನಿಜವಾಗಿ ಅಗ್ಗವೆಂಬುದು ಉದ್ದಿಮೆದಾರರಿಗೆ ಸ್ಪಷ್ಟವಾಗುತ್ತದೆ.