ಮೊಳೆಯ ತಲೆಯ ಮೇಲೆ ಇಸವಿ

ಮಕ್ಕಳೇ, ಒಂದು ನಾಣ್ಯ ಕೊಟ್ಟರೆ ಅದು ಯಾವ ವರ್ಷದ್ದೆಂದು ನೀವು ಕೂಡಲೇ ಹೇಳುತ್ತೀರಿ. ಅದರ ಮೇಲೆ ಇಸವಿ ಅಚ್ಚಾಗಿರುತ್ತದೆ. ಒಂದು ಮೊಳೆ ಕೊಟ್ಟು ಇದೇ ಪ್ರಶ್ನೆ ಕೇಳಿದರೆ? ಅಮೆರಿಕದ ರೈಲು ಮಾರ್ಗಗಳಲ್ಲಿ ಇಸವಿ ಹೊತ್ತ ಮೊಳೆಗಳೂ ಇದ್ದವು. ಅವುಗಳ ತಲೆಯ ಮೇಲೆ 12, 27, 41 ಹೀಗೆ ಎರಡು ಅಂಕಿಗಳಿರುತ್ತಿದ್ದವು. 27 ಎಂದರೆ 1927. ಇವನ್ನು ನಾವು ‘ಇಸವಿ ಮೊಳೆ’ ಎನ್ನೋಣ.

ಮೊಳೆಗೆ ಇಸವಿ ಏಕೆ ಬೇಕು?

ರೈಲು ಹಳಿಗಳ ಕೆಳಗೆ ಅಡ್ಡಲಾಗಿ ಹಾಕುವ ದಿಮ್ಮಿಗಳಿಗೆ ಸ್ಲೀಪರ್ ಎಂದು ಹೆಸರು. ನಮ್ಮಲ್ಲಿ ಈಗ ಹೆಚ್ಚಾಗಿ ಕಾಣುವುದು ಕಾಂಕ್ರೀಟ್ ಸ್ಲೀಪರ್‌ಗಳು. ಅಮೆರಿಕದಲ್ಲಿ ಇಂದಿಗೂ ಹೆಚ್ಚಿನವು ಮರದವು. ಅಲ್ಲಿ ಒಂದು ಮೈಲಿ ಹಳಿಗೆ ಸುಮಾರು 3000 ಸ್ಲೀಪರ್ ಬೇಕು. ತೇವ, ಶಿಲೀಂಧ್ರ ಮತ್ತು ಕೀಟಗಳಿಂದಾಗಿ ಹಲವು ಜಾತಿಯ ಮರಗಳು ಹತ್ತು ವರ್ಷದೊಳಗೇ ಕೊಳೆಯುತ್ತಿದ್ದವು. ಮತ್ತೆ ಕಾಡು ಕಡಿಯಬೇಕಾಗುತ್ತಿತ್ತು.

ಇದನ್ನು ತಡೆಯಲು ಮರಕ್ಕೆ ಸತುವಿನ ಕ್ಲೋರೈಡ್ ಅಥವಾ ಕಲ್ಲಿದ್ದಲ ಡಾಂಬರಿನಿಂದ ಪಡೆದ ಕ್ರಿಯೋಸೋಟ್ ಉಣಿಸತೊಡಗಿದರು. ಇದಕ್ಕೆ ಹಣ ಬೇಕು. ಖರ್ಚು ಮಾಡಿದ್ದಕ್ಕೆ ಮರ ನಿಜಕ್ಕೂ ಹೆಚ್ಚು ಕಾಲ ಬಾಳುತ್ತದೆಯೇ? ಉತ್ತರಕ್ಕಾಗಿ 20-30 ವರ್ಷ ಕಾಯಬೇಕು. ಅಷ್ಟರಲ್ಲಿ ಸ್ಲೀಪರ್ ಹಾಕಿದವರು ನಿವೃತ್ತರಾಗಿರುತ್ತಾರೆ, ಮರದ ಮೇಲೆ ಬರೆದದ್ದು ಅಳಿಸಿರುತ್ತದೆ. ಆದ್ದರಿಂದ ಹಾಕಿದ ವರ್ಷವನ್ನು ಮೊಳೆಯ ರೂಪದಲ್ಲಿ ಮರಕ್ಕೇ ಹೊಡೆದರು! ಅಮೆರಿಕದಲ್ಲಿ ಈ ಪದ್ಧತಿಗೆ ಪ್ರಚಾರ ಕೊಟ್ಟವರು ಆಕ್ಟೇವ್ ಶನೂಟ್ (1832-1910) ಎಂಬ ಎಂಜಿನಿಯರ್. ವಿಮಾನ ಹಾರಿಸಿದ ರೈಟ್ ಸಹೋದರರಿಗೆ ಪ್ರೋತ್ಸಾಹ ನೀಡಿದವರೂ ಇವರೇ.

‘12’ ಎಂಬ ಮೊಳೆಯಿದ್ದ ಸ್ಲೀಪರನ್ನು 1936ರಲ್ಲಿ ಕಿತ್ತರೆ ಅದರ ಆಯುಸ್ಸು ಎಷ್ಟು? 24 ವರ್ಷ. ಲೆಕ್ಕ ಸುಲಭ. ಆದರೆ ಇಲ್ಲೊಂದು ಎಚ್ಚರ ಬೇಕು. ಹಳಿಯಲ್ಲಿ ಉಳಿದಿರುವ ಮೊಳೆಗಳನ್ನಷ್ಟೇ ನೋಡಿದರೆ ಎಲ್ಲ ಸ್ಲೀಪರ್‌ಗಳೂ ದೀರ್ಘಾಯುಷಿಗಳೆಂದು ತೋರುತ್ತದೆ. ಬೇಗ ಕೊಳೆತವು ಆಗಲೇ ಹೋಗಿವೆಯಲ್ಲ! ಮರದಲ್ಲಿರುವ ಮಾವಿನಕಾಯಿ ಎಣಿಸಿ, ಒಂದೂ ಉದುರಿಲ್ಲ ಎಂದ ಹಾಗೆ. ಆದ್ದರಿಂದ ಕಿತ್ತ ಪ್ರತಿಯೊಂದು ಸ್ಲೀಪರನ್ನೂ ಲೆಕ್ಕ ಬರೆದಿಡಬೇಕಿತ್ತು.

ಗುರುತಿಸುವುದು ಹೇಗೆ?

ಸಾಮಾನ್ಯ ಇಸವಿ ಮೊಳೆಯ ಉದ್ದ ಸುಮಾರು ಎರಡೂವರೆ ಅಂಗುಲ, ದಪ್ಪ ಕಾಲು ಅಂಗುಲ. ಹಳಿಯನ್ನು ಬಿಗಿಯುವ ದೊಡ್ಡ ಮೊಳೆಗಿಂತ ಇದು ಬಹಳ ಚಿಕ್ಕದು. ಹೆಚ್ಚಿನವು ಉಕ್ಕಿನವು, ತಾಮ್ರ ಮತ್ತು ಅಲ್ಯೂಮಿನಿಯಂನವೂ ಉಂಟು. ತಲೆ ದುಂಡಗೆ, ಚೌಕವಾಗಿ ಅಥವಾ ವಜ್ರಾಕೃತಿಯಲ್ಲಿರಬಹುದು. ಅಂಕಿಗಳು ಕೆಲವದರಲ್ಲಿ ಉಬ್ಬಿರುತ್ತವೆ, ಕೆಲವದರಲ್ಲಿ ತಗ್ಗಿರುತ್ತವೆ. ಈ ವ್ಯತ್ಯಾಸಗಳಿಂದಲೇ ಮೊಳೆ ಯಾವ ರೈಲ್ವೆ ಕಂಪನಿಯದೆಂದು ಸಂಗ್ರಾಹಕರು ಊಹಿಸುತ್ತಾರೆ.

ಒಂದು ಒಗಟು: ದುಂಡು ತಲೆಯ ಮೊಳೆಯಲ್ಲಿ 61 ಎಂದಿದೆ. ತಿರುಗಿಸಿದರೆ 19! ಯಾವುದು ಸರಿ? 1ರ ತುದಿಯಲ್ಲಿ ಚಿಕ್ಕ ಕೊಕ್ಕು ಇದ್ದರೆ ಅದು ಮೇಲಕ್ಕೆ ಬರುವಂತೆ ಹಿಡಿಯಿರಿ. ಉತ್ತರ ಸಿಗುತ್ತದೆ.

ಒಳ್ಳೆಯ ಸಂಗ್ರಾಹಕ ಮೊಳೆಯ ಜೊತೆಗೆ ಅದು ಸಿಕ್ಕ ಸ್ಥಳವನ್ನೂ ಬರೆದಿಡುತ್ತಾನೆ. ಸ್ಥಳ ತಿಳಿಯದ ಮೊಳೆ ಅರ್ಧ ಕಥೆ ಮಾತ್ರ ಹೇಳುತ್ತದೆ. ಅನುಮತಿಯಿಲ್ಲದೆ ರೈಲ್ವೆ ಜಾಗಕ್ಕೆ ಹೋಗುವುದು ಅಲ್ಲಿಯೂ ಅಪರಾಧ, ಇಲ್ಲಿಯೂ ಅಪರಾಧ. ನೀವಂತೂ ಹಳಿಯ ಬಳಿ ಏನನ್ನೂ ಹುಡುಕಲು ಹೋಗಬೇಡಿ. ಕ್ರಿಯೋಸೋಟ್ ಉಣಿಸಿದ ಹಳೆಯ ಮರವನ್ನು ಮುಟ್ಟುವುದೂ ಚರ್ಮಕ್ಕೆ ಒಳ್ಳೆಯದಲ್ಲ.

ಮಾಡಿ ನೋಡಿ

ಒಂದೇ ಮರದಿಂದ ಒಂದೇ ಅಳತೆಯ ಆರು ಕಡ್ಡಿ ಕತ್ತರಿಸಿ. ಮೂರನ್ನು ಬೇವಿನ ಎಣ್ಣೆಯಲ್ಲಿ ಎರಡು ದಿನ ನೆನೆಸಿ. ಮೂರನ್ನು ಹಾಗೆಯೇ ಬಿಡಿ. ಎಲ್ಲವನ್ನೂ ಶಾಲೆಯ ತೋಟದ ಒದ್ದೆ ಮಣ್ಣಿನಲ್ಲಿ ಹೂಳಿ. ಪ್ರತಿ ಕಡ್ಡಿಯ ಪಕ್ಕದಲ್ಲಿ ದಿನಾಂಕ ಗೀಚಿದ ತಗಡಿನ ಚೂರು ನೆಡಿ. ತಗಡಿನ ಕೆಲಸವನ್ನು ಶಿಕ್ಷಕರಿಂದ ಮಾಡಿಸಿ. ತಿಂಗಳಿಗೊಮ್ಮೆ ತೆಗೆದು ನೋಡಿ, ಮೊದಲು ಕೊಳೆತದ್ದು ಯಾವುದೆಂದು ಬರೆಯಿರಿ. ವರ್ಷ ಮುಗಿಯುವುದರೊಳಗೆ ಉತ್ತರ ಸಿಗದಿದ್ದರೆ ಪುಸ್ತಕವನ್ನು ಮುಂದಿನ ತರಗತಿಯವರಿಗೆ ಒಪ್ಪಿಸಿ. ನೀವು ಗೀಚಿದ ದಿನಾಂಕ ಅವರಿಗೆ ಬೇಕಾಗುತ್ತದೆ.