ಗ್ರಹಗಳಿಗೆ ಬರವಿಲ್ಲ, ಬೇಸರಕ್ಕೂ ಬರವಿಲ್ಲ

ಕೊರಟಗೆರೆಯ ಓದುಗರೊಬ್ಬರು ಬರೆದಿದ್ದಾರೆ. ಅವರ ಮಗ ಡಿಪ್ಲೊಮಾ ಓದುತ್ತಿದ್ದಾನೆ. ರಜೆಗೆ ಬಂದವನು ಲ್ಯಾಪ್‌ಟಾಪಿನಲ್ಲಿ ‘ನೋ ಮ್ಯಾನ್ಸ್ ಸ್ಕೈ’ ಅನ್ನೋ ಗೇಮ್ ಹಾಕಿಕೊಂಡು ಕೂತರೆ ಊಟಕ್ಕೂ ಏಳುವುದಿಲ್ಲವಂತೆ. ಬೈದರೆ, ‘ಇದು ಮುಗಿಯೋ ಆಟ ಅಲ್ಲಪ್ಪ, ಇದರಲ್ಲಿರೋ ಗ್ರಹಗಳನ್ನೆಲ್ಲ ನೋಡೋಕೆ ಸೂರ್ಯನ ಆಯುಸ್ಸೂ ಸಾಲದು’ ಅನ್ನುತ್ತಾನಂತೆ. ‘ಇದು ನಿಜವೇ ಸಾರ್? ನಿಜವಾದರೆ ಇವನು ಏಳೋದು ಯಾವಾಗ?’ ಎಂಬುದು ಅವರ ಪ್ರಶ್ನೆ.

ಮಗ ಹೇಳಿದ್ದು ನಿಜ. ಆ ಆಟದಲ್ಲಿರುವ ಗ್ರಹಗಳ ಸಂಖ್ಯೆ 18,446,744,073,709,551,616. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಸುಮಾರು 1.8 ಲಕ್ಷ ಕೋಟಿ ಕೋಟಿ. ಗ್ರಹಕ್ಕೊಂದು ಸೆಕೆಂಡಿನಂತೆ ನೋಡುತ್ತ ಹೋದರೂ 58 ಸಾವಿರ ಕೋಟಿ ವರ್ಷ ಬೇಕು. ಸೂರ್ಯನಿಗೆ ಉಳಿದಿರುವುದು ಸುಮಾರು 500 ಕೋಟಿ ವರ್ಷ. ಚದುರಂಗದ ಮೊದಲ ಮನೆಗೆ ಒಂದು ಕಾಳು, ಎರಡನೆಯದಕ್ಕೆ ಎರಡು, ಮೂರನೆಯದಕ್ಕೆ ನಾಲ್ಕು ಎಂದು ವರ ಕೇಳಿ ರಾಜನ ಕಣಜ ಬರಿದು ಮಾಡಿದ ಜಾಣನ ಕಥೆ ಗೊತ್ತಲ್ಲ? 64 ಮನೆಯ ಒಟ್ಟು ಕಾಳಿಗಿಂತ ಇದು ಒಂದೇ ಒಂದು ಹೆಚ್ಚು.

ಆದರೆ ಈ ಸಂಖ್ಯೆ ನೋಡಿ ಯಾರೂ ಬೆರಗಾಗಬೇಕಿಲ್ಲ. ಗ್ರಹಗಳನ್ನು ಯಾರೂ ಮಾಡಿಟ್ಟು ಎಣಿಸಿದ್ದಲ್ಲ. ಪ್ರತಿ ಗ್ರಹಕ್ಕೂ ಕೊಡುವ ನಂಬರಿಗೆ ಕಂಪ್ಯೂಟರಿನಲ್ಲಿ 64 ಬಿಟ್ ಜಾಗವಿದೆ, 64 ಬಿಟ್‌ನಲ್ಲಿ ಅಷ್ಟು ನಂಬರು ಬರೆಯಬಹುದು, ಅಷ್ಟೇ. ಇದು ಜಾಹೀರಾತಿಗೆ ಒದಗಿದ ಸಂಖ್ಯೆಯೇ ಹೊರತು ವಿಜ್ಞಾನದ್ದಲ್ಲ. ವಿಜ್ಞಾನ ಇರುವುದು, ಒಂದು ನಂಬರಿನಿಂದ ಒಂದು ಗ್ರಹ ಹುಟ್ಟುವುದು ಹೇಗೆ ಎಂಬಲ್ಲಿ. ಅದನ್ನು ತಿಳಿಯಲು 1984ಕ್ಕೆ ಹೋಗಬೇಕು.

ಆಗ ಕೇಂಬ್ರಿಡ್ಜಿನಲ್ಲಿ ಓದುತ್ತಿದ್ದ ಡೇವಿಡ್ ಬ್ರೇಬನ್ ಮತ್ತು ಇಯಾನ್ ಬೆಲ್ ಎಂಬಿಬ್ಬರು ಹುಡುಗರು ‘ಎಲೀಟ್’ ಎಂಬ ಬಾಹ್ಯಾಕಾಶದ ಆಟ ಬರೆದರು. ಅವರ ಕೈಯಲ್ಲಿದ್ದದ್ದು ಬಿಬಿಸಿ ಮೈಕ್ರೊ ಎಂಬ ಕಂಪ್ಯೂಟರು. ಅದರ ಮೆಮೊರಿ 32 ಕಿಲೋಬೈಟ್. ಇವತ್ತು ವಾಟ್ಸ್‌ಆ್ಯಪಿನಲ್ಲಿ ಬರುವ ಗುಡ್ ಮಾರ್ನಿಂಗ್ ಚಿತ್ರಕ್ಕೇ ಅದಕ್ಕಿಂತ ಹೆಚ್ಚು ಜಾಗ ಬೇಕು. ಅದರಲ್ಲಿ ಈ ಹುಡುಗರು 8 ಗ್ಯಾಲಕ್ಸಿ, ಒಂದೊಂದರಲ್ಲಿ 256 ಲೋಕ ತುಂಬಿಸಿದರು. ಪ್ರತಿ ಲೋಕಕ್ಕೂ ಹೆಸರು, ಸರ್ಕಾರ, ಕಸುಬು, ಜನಸಂಖ್ಯೆ ಎಲ್ಲವೂ ಇತ್ತು.

ತುಂಬಿಸಿದರು ಎನ್ನುವುದೇ ತಪ್ಪು. ಒಂದು ಲೋಕವನ್ನೂ ಅವರು ತುಂಬಿಸಲಿಲ್ಲ. ಇಟ್ಟದ್ದು ಮೂರೇ ಸಂಖ್ಯೆ: 23,114, 584 ಮತ್ತು 46,931. ಮೂರನ್ನೂ ಕೂಡಿಸಿ, 70,629 ಬರುತ್ತದೆ. ಅಲ್ಲಿ ಒಂದು ಸಂಖ್ಯೆಗೆ ಇದ್ದ ಜಾಗ 16 ಬಿಟ್, ಅಂದರೆ 65,535 ದಾಟುವಂತಿಲ್ಲ. ದಾಟಿದರೆ 65,536 ಕಳೆದುಹೋಗಿ ಉಳಿದದ್ದು ನಿಲ್ಲುತ್ತದೆ, ಇಲ್ಲಿ 5,093. ಈಗ ಮೊದಲ ಸಂಖ್ಯೆಯನ್ನು ಬಿಟ್ಟುಬಿಡಿ, ಉಳಿದೆರಡನ್ನು ಮುಂದಕ್ಕೆ ಸರಿಸಿ, 5,093 ಅನ್ನು ಕೊನೆಗೆ ಸೇರಿಸಿ. 584, 46,931, 5,093. ಮತ್ತೆ ಕೂಡಿಸಿ, 52,608. ಹೀಗೆ ನಾಲ್ಕು ಸಲ ತಿರುವಿದರೆ ಮುಂದಿನ ಲೋಕದ ಮೂರು ಸಂಖ್ಯೆ ಸಿದ್ಧ. ಆ ಸಂಖ್ಯೆಗಳ ಕೆಲವು ಬಿಟ್‌ಗಳು ಲೋಕ ಎಲ್ಲಿದೆ ಎಂದು ಹೇಳಿದರೆ, ಇನ್ನು ಕೆಲವು ಅಲ್ಲಿ ಬೇಸಾಯವೋ ಕಾರ್ಖಾನೆಯೋ, ಅಲ್ಲಿನವರು ಮನುಷ್ಯರೋ ಕಪ್ಪೆಗಳೋ ಎಂದು ಹೇಳುತ್ತವೆ. ಅಕ್ಷರಗಳ ಜೋಡಿ ಹೆಕ್ಕಿ ಹೆಸರೂ ಇಡುತ್ತವೆ. ಆಟಗಾರ ಹೊರಡುವ ಊರು ‘ಲಾವೆ’ ಹುಟ್ಟಿದ್ದು ಹಾಗೆ. ಹೆಸರಿಡುವ ಕೆಲಸ ಯಂತ್ರಕ್ಕೆ ಬಿಟ್ಟರೆ ಅಪಾಯವೂ ಉಂಟು: ಒಂದು ಗ್ಯಾಲಕ್ಸಿಯಲ್ಲಿ ಲೋಕವೊಂದಕ್ಕೆ ಇಂಗ್ಲಿಷಿನ ಅಸಭ್ಯ ಪದವೇ ಹೆಸರಾಗಿ ಬಂದು, ಆ ಗ್ಯಾಲಕ್ಸಿಯನ್ನೇ ಕೈಬಿಡಬೇಕಾಯಿತಂತೆ.

ನನಗೆ ಇದಕ್ಕಿಂತ ಮುಖ್ಯ ಎನಿಸುವುದು ಇನ್ನೊಂದು ಸಂಗತಿ. ಬ್ರೇಬನ್ ಮತ್ತು ಬೆಲ್ ಮೊದಲು ಕೊಡಬೇಕೆಂದಿದ್ದದ್ದು ಎಂಟು ಗ್ಯಾಲಕ್ಸಿಯಲ್ಲ, ಸುಮಾರು 2.8 ಕೋಟಿ ಕೋಟಿ ಗ್ಯಾಲಕ್ಸಿ. ಅವರ ಲೆಕ್ಕಕ್ಕೆ ಅದೇನೂ ಕಷ್ಟವಿರಲಿಲ್ಲ. ಬೇಡ ಎಂದದ್ದು ಪ್ರಕಾಶಕರಾದ ಏಕಾರ್ನ್‌ಸಾಫ್ಟ್‌ನವರು. ಅಷ್ಟೊಂದು ಕೊಟ್ಟರೆ ಇದೆಲ್ಲ ಯಂತ್ರ ಹೆತ್ತದ್ದು ಎಂಬ ಗುಟ್ಟು ರಟ್ಟಾಗುತ್ತದೆ ಎಂಬುದು ಅವರ ಅಂಜಿಕೆ. ವ್ಯಾಪಾರಿಗಳ ಮೂಗಿಗೆ ಈ ವಾಸನೆ ವಿಜ್ಞಾನಿಗಳಿಗಿಂತ ಮೊದಲೇ ಬಡಿದಿತ್ತು.

32 ವರ್ಷದ ನಂತರ ಆ ಎಚ್ಚರಿಕೆ ಯಾರಿಗೂ ನೆನಪಿರಲಿಲ್ಲ. ಇಂಗ್ಲೆಂಡಿನ ಗಿಲ್ಡ್‌ಫರ್ಡ್ ಎಂಬ ಊರಿನ ಪುಟ್ಟ ಕಂಪನಿ ಹಲೋ ಗೇಮ್ಸ್, ಶಾನ್ ಮರ್ರಿ ಎಂಬಾತನ ಮುಂದಾಳತ್ವದಲ್ಲಿ, 2016ರ ಆಗಸ್ಟಿನಲ್ಲಿ ‘ನೋ ಮ್ಯಾನ್ಸ್ ಸ್ಕೈ’ ಬಿಡುಗಡೆ ಮಾಡಿತು. ತತ್ವ ಅದೇ ಹಳೆಯದು. ನೀವು ಹತ್ತಿರ ಹೋಗುವವರೆಗೆ ಗ್ರಹ ಎಲ್ಲೂ ಇರುವುದಿಲ್ಲ. ಹೋದಾಗ ಅದರ ನಂಬರಿನಿಂದ ಬೆಟ್ಟ, ಕಡಲು, ಮೃಗ ಎಲ್ಲವನ್ನೂ ಲೆಕ್ಕ ಹಾಕಿ ಎದುರಿಗಿಡುತ್ತದೆ. ಬಿಟ್ಟು ಹೊರಟರೆ ಅಳಿಸಿಹಾಕುತ್ತದೆ. ನಂಬರು ಒಂದೇ ಆದ್ದರಿಂದ ಮರಳಿ ಬಂದರೆ ಅದೇ ಬೆಟ್ಟ, ಅದೇ ಕಡಲು. ಬೆಟ್ಟದ ಏರಿಳಿತಕ್ಕೆ ಬಳಸುವ ಲೆಕ್ಕದ ಮೂಲಪುರುಷ ಅಮೆರಿಕದ ಕೆನ್ ಪರ್ಲಿನ್. ‘ಟ್ರಾನ್’ ಎಂಬ ಸಿನಿಮಾಕ್ಕೆ ದುಡಿದು, ಕಂಪ್ಯೂಟರ್ ಚಿತ್ರಗಳ ನುಣುಪು ಕಂಡು ರೋಸಿದ ಆತ, 1983ರ ಹೊತ್ತಿಗೆ ಯಾದೃಚ್ಛಿಕ ಸಂಖ್ಯೆಗಳನ್ನು ಒಂದಕ್ಕೊಂದು ಮೆತ್ತಗೆ ಬೆಸೆಯುವ ಉಪಾಯ ಕಂಡುಹಿಡಿದ. ಇದಕ್ಕಾಗಿ 1997ರಲ್ಲಿ ಆಸ್ಕರ್ ಸಂಸ್ಥೆಯ ತಾಂತ್ರಿಕ ಪ್ರಶಸ್ತಿಯೂ ಬಂತು.

ಆಟ ಬಂದ ಕೆಲವೇ ದಿನಗಳಲ್ಲಿ ಜನ ಉಗಿದರು. ಹೇಳಿದ್ದೆಲ್ಲ ಇಲ್ಲ ಎಂಬುದು ಒಂದು ದೂರು, ಅದನ್ನು ಬಿಡೋಣ. ಇನ್ನೊಂದು ದೂರು ವಿಜ್ಞಾನದ್ದು: ಹತ್ತು ಹದಿನೈದು ಗ್ರಹ ನೋಡಿದ ಮೇಲೆ ಬೋರ್ ಹೊಡೆಯುತ್ತದೆ.

ಪಾವಗಡದ ಕಡೆ ಕಡಲೆಕಾಯಿ ಮೂಟೆ ಬಿಚ್ಚಿ ಸುರಿದದ್ದನ್ನು ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ರಾಶಿಯಲ್ಲಿ ಒಂದು ಕಾಯಿಯಂತೆ ಇನ್ನೊಂದಿಲ್ಲ. ಒಂದಕ್ಕೆ ನಡು ಸಣ್ಣ, ಒಂದು ಕೊಕ್ಕಿನಂತೆ ಬಾಗಿದೆ, ಒಂದರಲ್ಲಿ ಎರಡು ಬೀಜ, ಇನ್ನೊಂದು ಜೊಳ್ಳು. ಅಳೆದು ಬರೆದರೆ ಪ್ರತಿಯೊಂದಕ್ಕೂ ಬೇರೆ ಬೇರೆ ಜಾತಕ. ಆದರೆ ಕೊಳ್ಳಲು ಬಂದ ಸಾಹುಕಾರ ಒಂದು ಹಿಡಿ ತೆಗೆದು ಒಡೆದು ನೋಡಿ ಇಡೀ ಮೂಟೆಗೆ ಬೆಲೆ ಕಟ್ಟುತ್ತಾನೆ. ಅವನು ತಪ್ಪು ಮಾಡುತ್ತಿಲ್ಲ. ಉಳಿದ ಕಾಯಿಗಳು ಬೇರೆಯಾಗಿಯೇ ಇವೆ, ಅವನಿಗೆ ಹೊಸದಾಗಿ ಏನನ್ನೂ ಹೇಳುತ್ತಿಲ್ಲ. ಗೇಮ್ ಸಂಶೋಧಕಿ ಕೇಟ್ ಕಾಂಪ್ಟನ್ ಇದನ್ನೇ ಓಟ್ಸ್ ಗಂಜಿಯ ಹತ್ತು ಸಾವಿರ ಬಟ್ಟಲು ಎಂಬ ಮಾತಿನಲ್ಲಿ ಹೇಳಿದ್ದರು. ಬಟ್ಟಲಿಂದ ಬಟ್ಟಲಿಗೆ ಕಾಳು ಬೇರೆ ಬೇರೆಯೇ, ತಿನ್ನುವವನಿಗೆ ಕಾಣುವುದು ಮಾತ್ರ ಬರೀ ಗಂಜಿ. ನಮ್ಮ ಸೀಮೆಗೆ ಕಡಲೆಕಾಯಿಯೇ ಸರಿ.

ಸಾಹುಕಾರನ ಆ ಹಿಡಿಯ ಹಿಂದೆ ಒಳ್ಳೆಯ ಗಣಿತವಿದೆ. ಯಾವುದೇ ವಸ್ತುವಿನಲ್ಲಿ ಎಷ್ಟು ಮಾಹಿತಿ ಇದೆ ಎಂದರೆ, ಅದನ್ನು ಹುಟ್ಟಿಸಬಲ್ಲ ಅತಿ ಚಿಕ್ಕ ಪ್ರೋಗ್ರಾಮಿನ ಉದ್ದ ಎಷ್ಟೋ ಅಷ್ಟು ಎಂದು ರಷ್ಯದ ಕೊಲ್ಮೊಗೊರೊವ್ 1965ರಲ್ಲಿ ಹೇಳಿದ. ಈ ಅಳತೆಯಲ್ಲಿ ಲಕ್ಷ ಕೋಟಿ ಕೋಟಿ ಗ್ರಹಗಳ ಒಟ್ಟು ತೂಕ, ಅವನ್ನು ಹೆರುವ ಪ್ರೋಗ್ರಾಮು ಎಷ್ಟೋ ಅಷ್ಟೇ. ಅದು ಒಂದು ಡಿಸ್ಕಿನಲ್ಲಿ ಹಿಡಿಸುತ್ತದೆ! ಮನಸ್ಸಿಗೆ ಇದನ್ನು ಅನ್ವಯಿಸಿದವನು ಜರ್ಮನಿಯ ಯೂರ್ಗನ್ ಶ್ಮಿಡ್‌ಹೂಬರ್. ಅವನ ಪ್ರಕಾರ ಕುತೂಹಲ ಎಂದರೆ ಮಿದುಳು ಕಂಡದ್ದರ ಹಿಂದಿನ ಸೂತ್ರ ಹಿಡಿಯುತ್ತಿರುವಾಗಿನ ಖುಷಿ. ಬಿಳಿ ಗೋಡೆಯಲ್ಲಿ ಹಿಡಿಯಲು ಏನೂ ಇಲ್ಲ, ಬೇಸರ. ಕೇಬಲ್ ಹೋದ ಟಿವಿಯ ಚುಕ್ಕಿಗಳಲ್ಲಿ ಪ್ರತಿ ಕ್ಷಣವೂ ಹೊಸದೇ, ಆದರೆ ಹಿಡಿಯಲು ಸೂತ್ರವೇ ಇಲ್ಲ, ಅದೂ ಬೇಸರ. ಎರಡರ ನಡುವೆ, ಅರ್ಥವಾಗಿಯೂ ಆಗದಂತಿರುವ ಕಡೆ ಮಾತ್ರ ಮನುಷ್ಯ ಊಟ ಮರೆತು ಕೂರುತ್ತಾನೆ. ಕೊರಟಗೆರೆಯ ಹುಡುಗ ಈಗ ಆ ಘಟ್ಟದಲ್ಲಿದ್ದಾನೆ. ಯಾವ ನಕ್ಷತ್ರದ ಸುತ್ತ ಎಂಥ ಗ್ರಹ ಸಿಗುತ್ತದೆ, ಮೃಗದ ತಲೆ, ಮುಂಡ, ಬಾಲ ಎಷ್ಟು ಬಗೆಯಲ್ಲಿ ಜೋಡಣೆಯಾಗುತ್ತವೆ ಎಂಬುದು ತಿಳಿದ ದಿನ ಅವನಾಗಿಯೇ ಏಳುತ್ತಾನೆ.

ಹಾಗಾದರೆ ನಿಜ ಲೋಕ ಯಾಕೆ ಅಷ್ಟು ಬೇಗ ಬೇಸರ ತರುವುದಿಲ್ಲ? ಅದರ ನಿಯಮಗಳೂ ಭೌತಶಾಸ್ತ್ರದ ಕೆಲವೇ ಸೂತ್ರಗಳಲ್ಲವೇ?

ಮಧುಗಿರಿಯ ಏಕಶಿಲಾ ಬೆಟ್ಟವನ್ನೇ ತೆಗೆದುಕೊಳ್ಳಿ. (ಏಷ್ಯಾದಲ್ಲೇ ಎರಡನೆಯದು ಅನ್ನುತ್ತಾರೆ. ಅಳೆದವರು ಯಾರೋ!) ರಾಮನಗರದ ಹಳೆಯ ಹೆಸರಿನಿಂದ ಕ್ಲೋಸ್‌ಪೇಟೆ ಗ್ರಾನೈಟ್ ಎಂದು ಕರೆಯುವ ಶಿಲಾಪಟ್ಟಿ ದಕ್ಷಿಣದಿಂದ ಉತ್ತರಕ್ಕೆ ಈ ಸೀಮೆಯಲ್ಲೇ ಹಾದು ಪಾವಗಡದ ಕಡೆ ಸಾಗುತ್ತದೆ. ವಯಸ್ಸು ಸುಮಾರು 250 ಕೋಟಿ ವರ್ಷ. ನೆಲದಾಳದಲ್ಲಿ ಕಾದು ಕರಗಿ ತಣಿದ ಕಲ್ಲು, ಮೇಲಿನ ಹೊರೆ ಸವೆದುಹೋದ ಮೇಲೆ ಒತ್ತಡ ಇಳಿದು ಪದರು ಪದರಾಗಿ ಬಿರಿದಿದೆ. ಬಿರುಕಿನಲ್ಲಿ ನೀರು ಇಳಿದು ಗುಂಡು ಬೇರೆಯಾಗಿದೆ. ಬೋಳು ಬಂಡೆಯ ಮೇಲೆ ಬಿದ್ದ ಮಳೆ ಇಂಗದೆ ಕೆಳಗೆ ಓಡುತ್ತದೆ, ಓಡಿದ ನೀರಿಗೆ ಜನ ಕಟ್ಟೆ ಹಾಕಿ ಕೆರೆ ಮಾಡಿದ್ದಾರೆ. ಕೆರೆಯಲ್ಲಿ ಮೀನು. ಶಿರಾ ತಾಲ್ಲೂಕಿನ ಕಗ್ಗಲಡುವಿಗೆ ವರ್ಷದ ಮೊದಲ ತಿಂಗಳುಗಳಲ್ಲಿ ಬಣ್ಣದ ಕೊಕ್ಕರೆಗಳು ಬಂದು ಊರ ನಡುವಿನ ಹುಣಸೆ ಮರಗಳಲ್ಲೇ ಗೂಡು ಕಟ್ಟುತ್ತವೆಯಲ್ಲ, ಸುತ್ತಲ ಕೆರೆಗಳಲ್ಲಿ ಮೀನು ಇರುವುದಕ್ಕೆ ಮತ್ತು ಊರಿನವರು ಕಾಯುವುದಕ್ಕೆ. ಕೊಕ್ಕರೆ ಯಾಕೆ ಇಲ್ಲಿ ಎಂದು ಕೇಳಿದರೆ ಮೀನು, ಮೀನು ಯಾಕೆ ಎಂದರೆ ಕೆರೆ, ಕೆರೆ ಯಾಕೆ ಎಂದರೆ ಬಂಡೆ, ಬಂಡೆ ಯಾಕೆ ಎಂದರೆ 250 ಕೋಟಿ ವರ್ಷ. ಪ್ರಶ್ನೆಗೆ ಪ್ರಶ್ನೆ ಹೆಣೆದುಕೊಂಡಿದೆ.

ಆಟದ ಬೆಟ್ಟಕ್ಕೆ ಇದು ಯಾವುದೂ ಇಲ್ಲ. ಪರ್ಲಿನ್ನನ ಲೆಕ್ಕ ಆ ಜಾಗದ ಎತ್ತರ ಇಷ್ಟು ಎಂದಿದೆ, ಅದಕ್ಕೆ ಅಲ್ಲಿ ಬೆಟ್ಟ. ಇನ್ನೊಂದು ಲೆಕ್ಕ ಅಲ್ಲಿ ಮೃಗ ಇರಲಿ ಎಂದಿದೆ, ಅದಕ್ಕೆ ಮೃಗ. ಬೆಟ್ಟಕ್ಕೂ ಮೃಗಕ್ಕೂ ಪರಿಚಯವಿಲ್ಲ. ಹರಿಯುವ ನದಿ ಇಲ್ಲ ಎಂಬುದು ಈ ಆಟದವರ ಹಳೆಯ ಗೊಣಗು, ಅದು ಆಕಸ್ಮಿಕವಲ್ಲ. ನದಿ ಮಾಡಬೇಕಾದರೆ ಇಲ್ಲಿಯ ಎತ್ತರ ಗೊತ್ತಿದ್ದರೆ ಸಾಲದು, ಮೇಲಿನ ಇಡೀ ಜಲಾನಯನ ಪ್ರದೇಶವೂ ಗೊತ್ತಿರಬೇಕು. ಜಯಮಂಗಲಿ ಕೊರಟಗೆರೆಯಲ್ಲಿ ಹರಿಯಬೇಕಾದರೆ ದೇವರಾಯನದುರ್ಗದಲ್ಲಿ ಮಳೆಯಾಗಬೇಕು. ಹತ್ತಿರ ಹೋದಾಗ ಮಾತ್ರ ಹುಟ್ಟುವ ನೆಲಕ್ಕೆ ಮೇಲಿನ ಸೀಮೆಯ ಸುದ್ದಿ ತಿಳಿಯುವುದು ಹೇಗೆ?

ಒಂದು ಜಾಗದಲ್ಲಿ ಎಷ್ಟು ಅಡಗಿರಬಹುದು ಎಂಬುದಕ್ಕೆ ನಮ್ಮದೇ ಚಂದ್ರಯಾನ-3 ಸಾಕ್ಷಿ. 2023ರ ಆಗಸ್ಟ್ 23ರಂದು ಇಳಿದ ಮೇಲೆ ಪ್ರಜ್ಞಾನ್ ರೋವರ್ ಓಡಾಡಿದ್ದು ಒಟ್ಟು ನೂರು ಮೀಟರಿನಷ್ಟು. ಆಟದಲ್ಲಿ ಇಷ್ಟೇ ನಡೆದು ಹೊರಟರೆ ಗೆಳೆಯರು ನಗುತ್ತಾರೆ. ಆ ಹಾದಿಯಲ್ಲಿ 23 ಕಡೆ ಮಣ್ಣಿನ ಧಾತುಗಳನ್ನು ಅಳೆದು, ಅಹಮದಾಬಾದಿನ ಭೌತ ಸಂಶೋಧನಾ ಪ್ರಯೋಗಾಲಯದವರು ಮರುವರ್ಷ ‘ನೇಚರ್’ ಪತ್ರಿಕೆಯಲ್ಲಿ ಪ್ರಬಂಧ ಬರೆದರು. ಚಂದ್ರ ಹುಟ್ಟಿದಾಗ ಅದರ ಮೈಯೆಲ್ಲ ಕರಗಿದ ಶಿಲೆಯ ಸಾಗರವಾಗಿತ್ತು ಎಂಬ ವಾದಕ್ಕೆ ಅಲ್ಲಿ ಬಲ ಸಿಕ್ಕಿತು. ಇದಕ್ಕೂ ಮೊದಲು, ಚಂದ್ರಯಾನ-2ರ ಲ್ಯಾಂಡರಿನ ಸಂವೇದಕಗಳನ್ನು ಪರೀಕ್ಷಿಸಲು ಇಸ್ರೊ ಪಾವಗಡದ ಪಕ್ಕದ ಚಳ್ಳಕೆರೆ ತಾಲ್ಲೂಕಿನ ಉಳ್ಳಾರ್ತಿ ಕಾವಲಿನಲ್ಲಿ ಕೃತಕ ಕುಳಿಗಳನ್ನು ತೋಡಿಸಿ ಚಂದ್ರನ ನೆಲದ ನಕಲು ಮಾಡಿತ್ತು. ಅದೂ ಹುಸಿ ಲೋಕವೇ, ಆದರೆ ಬೇಸರ ಕಳೆಯಲು ಮಾಡಿದ್ದಲ್ಲ.

ಬ್ರೇಬನ್ ಸುಮ್ಮನಿರಲಿಲ್ಲ. ಅವನ ಕಂಪನಿ 2014ರಲ್ಲಿ ತಂದ ‘ಎಲೀಟ್ ಡೇಂಜರಸ್’ನಲ್ಲಿ ನಮ್ಮ ಆಕಾಶಗಂಗೆಯನ್ನೇ ಇಟ್ಟಿದ್ದಾರೆ, 40 ಸಾವಿರ ಕೋಟಿ ನಕ್ಷತ್ರ ವ್ಯವಸ್ಥೆ. ಇಲ್ಲಿ ಗ್ರಹಗಳು ಬರೀ ಪಗಡೆ ಉರುಳಿಸಿ ಬರುವುದಿಲ್ಲ. ಎಷ್ಟು ಅನಿಲ, ಎಷ್ಟು ಧೂಳು ಇತ್ತು ಎಂಬುದರಿಂದ ಶುರುಮಾಡಿ ನಕ್ಷತ್ರ ಕಟ್ಟುತ್ತಾರೆ. ಅಂದರೆ ಒಂದಿಷ್ಟು ಕಾರಣ ಸೇರಿಸಿದ್ದಾರೆ. 2017ರಲ್ಲಿ ಟ್ರಾಪಿಸ್ಟ್-1ರ ಸುತ್ತ ಏಳು ಗ್ರಹ ಇವೆ ಎಂದು ಸುದ್ದಿಯಾದಾಗ, ಅಂಥದ್ದೇ ಒಂದು ವ್ಯವಸ್ಥೆ ನಮ್ಮ ಆಟದಲ್ಲಿ ಹತ್ತಿರದಲ್ಲೇ ಇತ್ತು ಎಂದು ಕಂಪನಿ ಬೀಗಿತು. ಅಷ್ಟು ನಕ್ಷತ್ರ ಚೆಲ್ಲಿದವನ ಬಲೆಗೆ ಒಂದು ಮೀನು ಬಿದ್ದರೆ ಅದನ್ನು ಭವಿಷ್ಯವಾಣಿ ಎನ್ನಲು ನನಗೆ ಮನಸ್ಸಿಲ್ಲ. ಆದರೂ 2019ರಲ್ಲಿ 13 ಸಾವಿರಕ್ಕೂ ಹೆಚ್ಚು ಆಟಗಾರರು ಹೆಸರು ಕೊಟ್ಟು ಆಕಾಶಗಂಗೆಯ ಆಚೆ ಅಂಚಿಗೆ ತಿಂಗಳುಗಟ್ಟಲೆ ಜಾತ್ರೆಯಂತೆ ಹೊರಟರು. ದಾರಿಯ ಗ್ರಹಗಳು ಒಂದೇ ತೆರನಾಗಿದ್ದವು. ಹೊರಟವರು ಒಂದೇ ತೆರನಾಗಿರಲಿಲ್ಲ.

‘ನೋ ಮ್ಯಾನ್ಸ್ ಸ್ಕೈ’ ಉಳಿದದ್ದೂ ಗ್ರಹಗಳಿಂದಲ್ಲ. ಉಗಿಸಿಕೊಂಡ ಮೇಲೆ ಮರ್ರಿ ಬಾಯಿ ಮುಚ್ಚಿ ಕೆಲಸ ಮಾಡಿದ. 2016ರ ನವೆಂಬರಿನಲ್ಲಿ ಮನೆ ಕಟ್ಟುವುದು ಬಂತು, 2018ರಲ್ಲಿ ಗೆಳೆಯರ ಜೊತೆ ನಿಜವಾಗಿ ಕೂಡಿ ಆಡುವುದು ಬಂತು, ಆಮೇಲೂ ಅಪ್‌ಡೇಟುಗಳು ಪುಕ್ಕಟೆಯಾಗಿ ಬರುತ್ತಲೇ ಇವೆ. ಒಂದೊಂದು ಅಪ್‌ಡೇಟೂ ಆ ಪ್ರೋಗ್ರಾಮಿನ ಉದ್ದವನ್ನು ಹೆಚ್ಚಿಸುತ್ತದೆ, ಕೊಲ್ಮೊಗೊರೊವ್ ಲೆಕ್ಕದಲ್ಲಿ ನಿಜವಾದ ಹೊಸ ಮಾಹಿತಿ ಅದೇ. ಹಾಗಾಗಿ ಕೊರಟಗೆರೆಯ ತಂದೆಗೆ ನನ್ನ ಉತ್ತರ: ಮಗ ಒಬ್ಬನೇ ಆಡುತ್ತಿದ್ದರೆ ರಜೆ ಮುಗಿಯುವುದರೊಳಗೆ ಏಳುತ್ತಾನೆ. ಗೆಳೆಯರ ಜೊತೆ ಸೇರಿ ಊರು ಕಟ್ಟುತ್ತಿದ್ದರೆ ಊಟದ ತಟ್ಟೆಯನ್ನು ಇನ್ನಷ್ಟು ದಿನ ಅವನಿದ್ದಲ್ಲಿಗೇ ಕೊಡಬೇಕಾದೀತು.

2023ರ ಡಿಸೆಂಬರಿನಲ್ಲಿ ಇದೇ ಕಂಪನಿ ತನ್ನ ಮುಂದಿನ ಆಟ ‘ಲೈಟ್ ನೋ ಫೈರ್’ ಅನ್ನು ಘೋಷಿಸಿತು. ಅದರಲ್ಲಿರುವುದು ಒಂದೇ ಗ್ರಹ, ಭೂಮಿಯಷ್ಟು ದೊಡ್ಡದು, ಎಲ್ಲ ಆಟಗಾರರೂ ಅದರ ಮೇಲೇ ಇರಬೇಕು.