ಹಳೇ ಸ್ಕೂಲ್ ಬಸ್ಸನ್ನು ಮನೆ ಮಾಡಬಹುದಾ? ಮೊದಲು ಆರ್‌ಸಿ ಓದ್ರಿ

ಗುರುಗುಂಟಾದಿಂದ ಮಾತಾಡ್ತಿದ್ದೀನಿ. ಈ ಕಂತು ಒಂದು ಹಳದಿ ಬಸ್ಸಿನ ಲೆಕ್ಕದ ಬಗ್ಗೆ. ಇಯರ್‌ಫೋನ್ ಮನೇಲಿ ಮರೆತು ಬಂದವರಿಗೆ ಇಲ್ಲಿ ಬರಹ ರೂಪದಲ್ಲಿದೆ.

ಕಳೆದ ತಿಂಗಳು ನಮ್ಮ ದೊಡ್ಡಪ್ಪನ ಮಗ, ಅಂದ್ರೆ ನಮ್ಮಣ್ಣ, ಒಂದು ಹಳೇ ಸ್ಕೂಲ್ ಬಸ್ಸಿಗೆ 20 ಸಾವಿರ ಅಡ್ವಾನ್ಸ್ ಕೊಟ್ಟು ಬಂದ. ಆ ಬಸ್ಸನ್ನು ಏಳು ವರ್ಷ ಓಡಿಸಿದ್ದು ಅವನೇ. ಶಾಲೆಯವರು ಹೊಸ ಬಸ್ ತಂದ್ರು, ಹೊಸ ಬಸ್ಸಿಗೆ ಹೊಸ ಡ್ರೈವರ್ ಬಂದ. ಅಣ್ಣನಿಗೆ ಕೆಲಸ ಹೋಯ್ತು, ಬಸ್ ಮಾರಾಟಕ್ಕೆ ಬಂತು. ಒಟ್ಟು ಬೆಲೆ ಮೂರೂವರೆ ಲಕ್ಷ.

ಅವನ ಪ್ಲ್ಯಾನ್ ಹೀಗಿತ್ತು: ಸೀಟು ಕಿತ್ತು ಒಳಗೆ ಎರಡು ಮಂಚ, ಒಂದು ಒಲೆ, ನೀರಿನ ಟ್ಯಾಂಕ್. ಹಿಂದಿನ ಗೋಡೆ ಕೊಯ್ದು ಕೆಳಗೆ ಬೀಳೋ ಬಾಗಿಲು, ಅದರ ಮೇಲೆ ಹತ್ತಿಸಿ ಎರಡು ಬೈಕ್. ಅಮರೇಶ್ವರ ಜಾತ್ರೆ, ತಿಂಥಣಿ ಮೌನೇಶ್ವರ, ಆಮೇಲೆ ಬಾದಾಮಿ, ಹಂಪಿ. ಬಸ್ ಹೋಗದ ಕಡೆ ಬೈಕ್. ಅವನು ಓಡಿಸೋದು, ನಾನು ರೆಕಾರ್ಡ್ ಮಾಡೋದು. ಪ್ರವಾಸಕ್ಕೆ ಬರೋರಿಂದ ದುಡ್ಡು ತಗೊಂಡು ಮನೆ ನಡೆಸೋದು.

ಕಡಿಮೆ ಬಿದ್ದ ಎರಡು ಲಕ್ಷಕ್ಕೆ ನಮ್ಮಪ್ಪನ ಹತ್ತಿಮಾರಿದ ದುಡ್ಡು ಕೇಳಿದ. ಅಪ್ಪ ನನ್ನ ಕಡೆ ನೋಡಿ, “ಬಿ.ಕಾಂ ಓದೀಯಲ್ಲ, ಲೆಕ್ಕ ಹಾಕಿ ಹೇಳು. ನೀ ಹೂಂ ಅಂದ್ರ ಕೊಡ್ತೀನಿ” ಅಂದ. ಹೀಗೆ ಅಣ್ಣನ ಬಸ್ಸು ನನ್ನ ತಲೆ ಮೇಲೆ ಬಂತು.

ವಿಡಿಯೋ ಅಲ್ಲಿಯದು, ರಸ್ತೆ ಇಲ್ಲಿಯದು

ಈ ಆಸೆ ಹುಟ್ಟಿದ್ದು ಅಮೆರಿಕದ ವಿಡಿಯೋ ನೋಡಿ. ಅಲ್ಲಿ ಇಂಥ ಬಸ್ಸಿಗೆ ಪ್ರೀತಿಯಿಂದ ‘ಸ್ಕೂಲಿ’ ಅಂತಾರೆ. ಹಿಂದೆ ಬೈಕ್ ಹತ್ತಿಸೋ ಗ್ಯಾರೇಜ್ ಇದ್ದರೆ ‘ಟಾಯ್ ಹಾಲರ್’, ಅಂದ್ರೆ ಆಟದ ಸಾಮಾನು ಹೊರುವ ಗಾಡಿ. ಇದೇನು ಹೊಸದಲ್ಲ. 1964ರಲ್ಲಿ ಕೆನ್ ಕೆಸಿ ಅನ್ನೋ ಲೇಖಕ ತನ್ನ ಗೆಳೆಯರ ಜೊತೆ 1939ರ ಒಂದು ಹಳೇ ಸ್ಕೂಲ್ ಬಸ್ಸಿಗೆ ಬಣ್ಣ ಬಳಿದು ಕ್ಯಾಲಿಫೋರ್ನಿಯಾದಿಂದ ನ್ಯೂಯಾರ್ಕ್‌ಗೆ ಹೋಗಿದ್ದ. ಸ್ಕೂಲ್ ಬಸ್ಸಿಗೆ ಆ ಹಳದಿ ಬಂದಿದ್ದೂ ಅಲ್ಲಿಂದಲೇ, 1939ರಲ್ಲಿ ನ್ಯೂಯಾರ್ಕ್‌ನಲ್ಲಿ ನಡೆದ ಒಂದು ಸಮ್ಮೇಳನದಿಂದ.

ಅಲ್ಲಿ ಜನ ಮನೆ ಅಂಗಳದಲ್ಲೇ ಬಸ್ ಕೊಯ್ದು, ಆಮೇಲೆ ತಮ್ಮ ರಾಜ್ಯದ ಸಾರಿಗೆ ಇಲಾಖೆಯಲ್ಲಿ ಅದನ್ನು ಮೋಟಾರ್‌ಹೋಮ್ ಅಂತ ಬದಲಿಸಿಕೊಳ್ತಾರೆ. ವಿಡಿಯೋದಲ್ಲಿ ಮೊದಲು ಕಾಣೋದು ಗ್ರೈಂಡರ್. ನಮ್ಮಲ್ಲಿ ಮೊದಲು ಬರಬೇಕಾದದ್ದು ಕಾಗದ.

ಆರ್‌ಸಿ ಏನು ಹೇಳುತ್ತೆ

ಅಣ್ಣನ ಕೈಲಿದ್ದ ಆರ್‌ಸಿ ಜೆರಾಕ್ಸ್ ತಗೊಂಡೆ. ವಾಹನದ ವರ್ಗ: ಶಿಕ್ಷಣ ಸಂಸ್ಥೆಯ ಬಸ್. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಈ ಹೆಸರು ಶಾಲೆ ಅಥವಾ ಕಾಲೇಜಿನ ಒಡೆತನದಲ್ಲಿರೋ, ವಿದ್ಯಾರ್ಥಿಗಳನ್ನೂ ಸಿಬ್ಬಂದಿಯನ್ನೂ ಮಾತ್ರ ಒಯ್ಯೋ ಬಸ್ಸಿಗೆ ಸಲ್ಲುತ್ತೆ. ಅಂದ್ರೆ ಅಣ್ಣ ಕೊಂಡ ದಿನವೇ ಆ ಹೆಸರು ಅದಕ್ಕೆ ಹೊಂದೋದಿಲ್ಲ.

ಎರಡನೇದು ಸೆಕ್ಷನ್ 52. ಕಂಪನಿ ಮೂಲದಲ್ಲಿ ಕೊಟ್ಟ ವಿವರಕ್ಕಿಂತ ಆರ್‌ಸಿಯ ವಿವರ ಬೇರೆಯಾಗೋ ಹಾಗೆ ಮಾಲೀಕ ಗಾಡಿಯನ್ನು ಬದಲಿಸೋ ಹಾಗಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೇರಳದ ಒಂದು ಪ್ರಕರಣದಲ್ಲಿ ಇದನ್ನೇ ಗಟ್ಟಿಯಾಗಿ ಹೇಳಿತು. ಅದೇ ವರ್ಷ ತಿದ್ದುಪಡಿಯಾದ ಸೆಕ್ಷನ್ 182ಎ ಪ್ರಕಾರ, ಅನುಮತಿ ಇಲ್ಲದ ಬದಲಾವಣೆಗೆ ಮಾಲೀಕನಿಗೆ ಆರು ತಿಂಗಳವರೆಗೆ ಜೈಲು, ಇಲ್ಲವೇ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಇಲ್ಲವೇ ಎರಡೂ. ‘ಪ್ರತಿ ಬದಲಾವಣೆಗೆ’ ಅನ್ನೋ ಮಾತು ಗಮನಿಸ್ರಿ. ನಮ್ಮ ಪ್ಲ್ಯಾನಿನಲ್ಲಿ ಎಷ್ಟು ಬದಲಾವಣೆ ಇದ್ದವು ಅಂತ ಎಣಿಸೋಕೆ ಹೋಗಿ ನಡುವೆ ಬಿಟ್ಟುಬಿಟ್ಟೆ.

ಹಾಗಂತ ಭಾರತದಲ್ಲಿ ಕ್ಯಾಂಪರ್‌ಗೆ ಜಾಗವೇ ಇಲ್ಲ ಅಂತಲ್ಲ. ಕೇಂದ್ರ ಸರ್ಕಾರದ ವಾಹನ ವರ್ಗಗಳ ಪಟ್ಟಿಯಲ್ಲಿ ‘ಸ್ವಂತ ಬಳಕೆಯ ಕ್ಯಾಂಪರ್ ವ್ಯಾನ್’ ಅಂತ ಒಂದು ಹೆಸರೇ ಇದೆ. ಮೋಟಾರ್ ಕ್ಯಾರವಾನ್ ಹೇಗಿರಬೇಕು ಅನ್ನೋದಕ್ಕೆ ಎಐಎಸ್-124 ಅನ್ನೋ ಮಾನದಂಡ ಇದೆ. ಪುಣೆಯ ಎಆರ್‌ಎಐನಂಥ ಮಾನ್ಯತೆ ಪಡೆದ ಸಂಸ್ಥೆಯ ಪರೀಕ್ಷೆ ದಾಟಬೇಕು. ಇದು ಗಾಡಿ ಕಟ್ಟೋ ಕಂಪನಿಗಳ ದಾರಿ. ಊರಿನ ವೆಲ್ಡಿಂಗ್ ಶಾಪಿನಲ್ಲಿ ಕೊಯ್ದ ಬಸ್ಸಿಗೆ ಆ ಬಾಗಿಲು ಸುಲಭಕ್ಕೆ ತೆರೆಯಲ್ಲ. ಇನ್ನು ಜನರಿಂದ ದುಡ್ಡು ತಗೊಂಡ್ರೆ ಅದು ‘ಸ್ವಂತ ಬಳಕೆ’ ಅಲ್ಲವೇ ಅಲ್ಲ, ಪರ್ಮಿಟ್ ಮಾತು ಬರುತ್ತೆ.

ಅಣ್ಣ ಕೇಳಿದ: “ಹಳ್ಳಿ ರಸ್ತೆಯಾಗ ಯಾರ ಹಿಡೀತಾರೋ ತಮ್ಮಾ?”

ಹಿಡಿಯದೇ ಇರಬಹುದು. ಆದ್ರೆ ಅಪಘಾತ ಆದ ದಿನ ಏನು? ಇನ್ಶೂರೆನ್ಸ್ ಇರೋದು ಆರ್‌ಸಿಯಲ್ಲಿರೋ ಗಾಡಿಗೆ. ರಸ್ತೆ ಮೇಲಿರೋ ಗಾಡಿ ಬೇರೆಯಾದ್ರೆ ಕ್ಲೇಮ್ ಹೊತ್ತಲ್ಲಿ ಜಗಳ ಗ್ಯಾರಂಟಿ. ಒಳಗೆ ನಮ್ಮ ದೊಡ್ಡವ್ವ ಇರ್ತಾಳೆ ಅಂತ ನೆನಪು ಮಾಡಿದೆ. ಅವನು ಸುಮ್ಮನಾದ.

ಭಾರ ಎಷ್ಟು, ಭಾರ ಎಲ್ಲಿ

ಕಾಗದ ಬದಿಗಿಟ್ಟು ತೂಕ ನೋಡೋಣ. ಆರ್‌ಸಿಯಲ್ಲಿ ಎರಡು ಸಂಖ್ಯೆ ಇರ್ತವೆ: ಖಾಲಿ ಗಾಡಿಯ ತೂಕ, ಭಾರ ಸೇರಿ ಒಟ್ಟು ಇರಬಹುದಾದ ತೂಕ. ಎರಡನೇದರಲ್ಲಿ ಮೊದಲನೇದು ಕಳೆದ್ರೆ ನೀವು ಹೇರಬಹುದಾದ ಭಾರ ಸಿಗುತ್ತೆ. ನಮ್ಮ ಬಸ್ಸಿಗೆ ಅದು ಎರಡೂವರೆ ಟನ್ ಮೇಲೆ ಬಂತು.

ನಮ್ಮ ಪಟ್ಟಿ: 300 ಲೀಟರ್ ನೀರು, ಅಂದ್ರೆ 300 ಕೆ.ಜಿ. ಮಂಚ, ಪ್ಲೈವುಡ್, ಕಪಾಟು ಸೇರಿ 400. ಬ್ಯಾಟರಿ, ಗ್ಯಾಸ್, ಸಾಮಾನು 150. ನಾಲ್ಕು ಜನ 280. ಎರಡು ಬೈಕ್ 350. ಹಿಂದಿನ ಕಬ್ಬಿಣದ ಬಾಗಿಲು 120. ಒಟ್ಟು 1,600 ಕೆ.ಜಿ. ಅಣ್ಣನಿಗೆ ಖುಷಿ. “ನೋಡು, ಇನ್ನೂ ಒಂದು ಟನ್ ಜಾಗ ಉಳೀತು!”

ಆದ್ರೆ ಭಾರ ಎಷ್ಟು ಅನ್ನೋದಕ್ಕಿಂತ ಎಲ್ಲಿ ಅನ್ನೋದು ದೊಡ್ಡ ಪ್ರಶ್ನೆ. ಎತ್ತಿನ ಗಾಡಿ ಹೊಡೆದವರಿಗೆ ಇದು ಗೊತ್ತು. ಹತ್ತಿ ಚೀಲ ಎಲ್ಲಾ ಹಿಂದಕ್ಕೆ ಹೇರಿದ್ರೆ ನೊಗ ಮೇಲಕ್ಕೇಳುತ್ತೆ, ಎತ್ತಿನ ಕೊರಳು ಹಿಡಿಯುತ್ತೆ. ಬಸ್ಸಿನಲ್ಲೂ ಅದೇ.

ಮುಂದಿನ ಗಾಲಿಗೂ ಹಿಂದಿನ ಗಾಲಿಗೂ ನಡುವೆ 4 ಮೀಟರ್ ಅಂತ ಇಟ್ಕೊಳ್ರಿ. ಬೈಕು ಮತ್ತು ಬಾಗಿಲು ಸೇರಿ 470 ಕೆ.ಜಿ. ಹಿಂದಿನ ಗಾಲಿಯಿಂದ ಒಂದೂವರೆ ಮೀಟರ್ ಹಿಂದೆ ಕೂತಿದೆ. ಆಗ ಹಿಂದಿನ ಆಕ್ಸಲ್ ಮೇಲೆ ಬೀಳೋದು 470 ಅಲ್ಲ, ಸುಮಾರು 646 ಕೆ.ಜಿ. ಹೆಚ್ಚುವರಿ 176 ಎಲ್ಲಿಂದ ಬಂತು? ಮುಂದಿನ ಗಾಲಿಯಿಂದ. ಅಷ್ಟು ಭಾರ ಮುಂದೆ ಕಡಿಮೆ ಆಯ್ತು. ಸ್ಟೇರಿಂಗ್ ತಿರುಗಿಸೋದು ಮುಂದಿನ ಗಾಲಿ, ಬ್ರೇಕ್ ಹಾಕಿದಾಗ ಹೆಚ್ಚು ಹಿಡಿತ ಬೇಕಾಗೋದೂ ಅದಕ್ಕೇ. ಅದನ್ನು ಹಗುರ ಮಾಡಿ ಇಳಿಜಾರಿನಲ್ಲಿ ಇಳಿಯೋದು ಹೇಗಿರುತ್ತೆ ಅಂತ ನನಗಿಂತ ಚೆನ್ನಾಗಿ ಅಣ್ಣನಿಗೆ ಗೊತ್ತು. ಸೀಟು ಇದ್ದಾಗ ಮಕ್ಕಳ ಭಾರ ಇಡೀ ಬಸ್ಸಿನಲ್ಲಿ ಹರಡಿರ್ತಿತ್ತು. ಬೈಕಿನ ಭಾರ ಒಂದೇ ಕಡೆ ಕೂರುತ್ತೆ.

ಇನ್ನೊಂದು ಮಾತು. ಬಸ್ಸಿನ ಬಾಡಿ ಅಂದ್ರೆ ಬುಟ್ಟಿ ಇದ್ದ ಹಾಗೆ. ಕಂಬ, ಛಾವಣಿಯ ಕಮಾನು, ಹಿಂದಿನ ಗೋಡೆ, ಎಲ್ಲಾ ಒಂದನ್ನೊಂದು ಹಿಡಿದಿರ್ತವೆ. ಹಿಂದಿನ ಗೋಡೆ ಪೂರ್ತಿ ಕೊಯ್ದ್ರೆ ಬುಟ್ಟಿಯ ಒಂದು ಬದಿ ಬಿಚ್ಚಿದ ಹಾಗೆ. ಸುತ್ತಲೂ ಗಟ್ಟಿ ಚೌಕಟ್ಟು ಕೊಡದಿದ್ರೆ ಪಲ್ಟಿಯಾದಾಗ ಛಾವಣಿ ನಿಲ್ಲಲ್ಲ.

ಪೆಟ್ರೋಲ್ ಪಕ್ಕ ಮಲಗೋದು

ಟಾಯ್ ಹಾಲರ್‌ನಲ್ಲಿ ಬೈಕ್, ಒಲೆ, ಹಾಸಿಗೆ ಒಂದೇ ಡಬ್ಬಿಯಲ್ಲಿ. ಪೆಟ್ರೋಲ್ ಆವಿ ಗಾಳಿಗಿಂತ ಭಾರ. ಅಡುಗೆ ಗ್ಯಾಸೂ ಅಷ್ಟೇ. ಎರಡೂ ಮೇಲೆ ಹೋಗಲ್ಲ, ನೆಲದಲ್ಲಿ ಕೂರ್ತವೆ. ಕಿಟಕಿ ತೆರೆದಿದ್ರೂ ಕೆಳಗೆ ಕೂತದ್ದು ಹೋಗಲಿಕ್ಕಿಲ್ಲ. ಅದಕ್ಕೆ ಬೈಕ್ ಇಡೋ ಜಾಗಕ್ಕೂ ಮಲಗೋ ಜಾಗಕ್ಕೂ ಸಂದಿ ಇಲ್ಲದ ಗೋಡೆ ಬೇಕು, ಎರಡೂ ಕಡೆ ನೆಲದ ಮಟ್ಟದಲ್ಲಿ ಹೊರಗೆ ಗಾಳಿ ಹೋಗೋ ಕಿಂಡಿ ಬೇಕು.

ಆಮೇಲೆ ನಮ್ಮ ಬಿಸಿಲು. ಏಪ್ರಿಲ್‌ನಲ್ಲಿ ರಾಯಚೂರು ಸೀಮೆ 40 ಡಿಗ್ರಿ ದಾಟೋದು ಮಾಮೂಲು. ತಗಡಿನ ಬಸ್ಸು ಒಲೆಯಾಗುತ್ತೆ. ಎಸಿ ಹಾಕ್ತೀನಿ ಅಂದ್ರೆ, 12 ವೋಲ್ಟಿನ 100 ಆಂಪಿಯರ್-ಅವರ್ ಬ್ಯಾಟರಿಯಲ್ಲಿ ಇರೋದು 1,200 ವ್ಯಾಟ್-ಅವರ್. ಒಂದು ಟನ್ ಎಸಿ ಅದನ್ನು ಒಂದು ತಾಸಿನಲ್ಲಿ ಕುಡಿದುಬಿಡುತ್ತೆ. ಅದೇ 30 ವ್ಯಾಟಿನ ಫ್ಯಾನ್ ಇಡೀ ರಾತ್ರಿ ತಿರುಗುತ್ತೆ.

ನಿಂತ ಬಸ್ಸಿನ ಕಥೆ

ಹಳೇ ಬಸ್ಸಿಗೆ ಎರಡನೇ ಬದುಕು ನಮ್ಮ ರಾಜ್ಯದಲ್ಲೇ ಸಿಕ್ಕಿದೆ. 2020ರ ಆಗಸ್ಟ್‌ನಲ್ಲಿ ಕೆಎಸ್‌ಆರ್‌ಟಿಸಿ ಒಂದು ಹಳೇ ಬಸ್ಸನ್ನು ಮಹಿಳೆಯರ ಶೌಚಾಲಯ ಮಾಡಿ ಬೆಂಗಳೂರಿನ ಮೆಜೆಸ್ಟಿಕ್‌ನಲ್ಲಿ ನಿಲ್ಲಿಸಿತು. ಹೆಸರು ‘ಸ್ತ್ರೀ ಟಾಯ್ಲೆಟ್’. ಒಳಗೆ ಶೌಚಾಲಯ, ವಾಶ್‌ಬೇಸಿನ್, ಮಗುವಿಗೆ ಹಾಲುಣಿಸೋ ಜಾಗ, ಸ್ಯಾನಿಟರಿ ಪ್ಯಾಡ್ ಯಂತ್ರ, ಸೋಲಾರ್ ದೀಪ. ಸುಮಾರು 12 ಲಕ್ಷ ಖರ್ಚಾಯ್ತು. ಕೋವಿಡ್ ಕಾಲದಲ್ಲಿ ಅದೇ ನಿಗಮದ ಹಳೇ ಬಸ್ಸುಗಳು ಸಂಚಾರಿ ಜ್ವರ ಕ್ಲಿನಿಕ್ ಆಗಿ ಓಡಾಡಿದವು. ಆದ್ರೆ ಅದನ್ನು ಮಾಡಿದ್ದು ಸ್ವಂತ ವರ್ಕ್‌ಶಾಪ್, ಇಂಜಿನಿಯರುಗಳು ಇರೋ ಸರ್ಕಾರಿ ನಿಗಮ.

ಸ್ತ್ರೀ ಟಾಯ್ಲೆಟ್ ನಮಗೆ ಹೇಳೋದು ಇಷ್ಟೇ: ನಿಂತ ಬಸ್ಸಿನ ಲೆಕ್ಕವೇ ಬೇರೆ. ನಿಂತದ್ದಕ್ಕೆ ಬ್ರೇಕ್, ಆಕ್ಸಲ್ ಚಿಂತೆ ಇಲ್ಲ. ಹೊಲದಲ್ಲಿ ನಿಲ್ಲಿಸಿ ಕೋಣೆ ಮಾಡ್ಕೊಳ್ಳೋದಾದ್ರೆ ಗಾಡಿ ಇನ್ನು ರಸ್ತೆಗೆ ಬರಲ್ಲ ಅಂತ ಆರ್‌ಟಿಒಗೆ ತಿಳಿಸಿ ನೋಂದಣಿ ರದ್ದು ಮಾಡಿಸಬೇಕು. ಸೆಕ್ಷನ್ 55 ಇದಕ್ಕೆ 14 ದಿನ ಕೊಡುತ್ತೆ.

ಈ ದಾರಿ ಅಣ್ಣನಿಗೆ ಹೇಳಿದೆ. ಬಸ್ಸು ನಮ್ಮ ಹೊಲದ ಬದುವಿನಲ್ಲಿ ನಿಲ್ಲಲಿ, ಜಾತ್ರೆಗೆ ಬರೋರಿಗೆ ಬಾಡಿಗೆಗೆ ಕೊಡೋಣ, ಉಳಿದ ದಿನ ನಾನು ಒಳಗೆ ಕೂತು ರೆಕಾರ್ಡ್ ಮಾಡ್ತೀನಿ ಅಂದೆ. ಅವನು ಬಹಳ ಹೊತ್ತು ಮಾತಾಡಲಿಲ್ಲ.

“ನಿಂತ ಬಸ್ ತಗೊಂಡು ನಾ ಏನ್ ಮಾಡ್ಲಿ? ನಾ ಡ್ರೈವರ್ ಅದೀನಿ.”

ಅದಕ್ಕೆ ನನ್ನ ಹತ್ರ ಉತ್ತರ ಇರಲಿಲ್ಲ. ಅಪ್ಪನಿಗೆ “ಬ್ಯಾಡ” ಅಂದೆ.

20 ಸಾವಿರ

ಅಡ್ವಾನ್ಸ್ ವಾಪಸ್ ಇಲ್ಲ ಅಂತ ರಸೀದಿಯಲ್ಲೇ ಬರೆದಿತ್ತು. ಅಣ್ಣನ ವಾದ: 20 ಸಾವಿರ ಹೋಗುತ್ತಲ್ಲ, ಅದಕ್ಕಾದ್ರೂ ತಗೊಳ್ಳೋಣ. ಕಾಮರ್ಸ್‌ನಲ್ಲಿ ಇದಕ್ಕೆ ‘ಸಂಕ್ ಕಾಸ್ಟ್’ ಅಂತಾರೆ, ಮುಳುಗಿದ ಖರ್ಚು. ತಗೊಂಡ್ರೂ ಹೋಗಿದೆ, ಬಿಟ್ಟರೂ ಹೋಗಿದೆ. ಇನ್ನು ಮುಂದೆ ಹೋಗೋ ದುಡ್ಡು ಎಷ್ಟು ಅನ್ನೋದಷ್ಟೇ ಪ್ರಶ್ನೆ. ಪರೀಕ್ಷೆಯಲ್ಲಿ ಇದನ್ನು ಎರಡು ಅಂಕಕ್ಕೆ ಬರೆದಿದ್ದೆ. ಮನೇಲಿ ಹೇಳೋಕೆ ಎರಡು ದಿನ ಬೇಕಾಯ್ತು.

ನಿಮ್ಮಲ್ಲಿ ಯಾರಾದ್ರೂ ಇಂಥ ಬಸ್ ನೋಡ್ತಿದ್ರೆ, ಅಡ್ವಾನ್ಸ್ ಕೊಡೋ ಮೊದಲು ಇಷ್ಟು ಮಾಡ್ರಿ. ಆರ್‌ಸಿಯಲ್ಲಿ ವರ್ಗ, ಎರಡೂ ತೂಕ ಓದ್ರಿ. ಒಟ್ಟು ತೂಕ 7,500 ಕೆ.ಜಿ. ದಾಟಿದ್ರೆ ಕಾರಿನ ಲೈಸೆನ್ಸ್ ಸಾಲಲ್ಲ. ಫಿಟ್‌ನೆಸ್ ಯಾವತ್ತಿನವರೆಗೆ ಇದೆ ನೋಡ್ರಿ, ಎಂಟು ವರ್ಷ ದಾಟಿದ ಸಾರಿಗೆ ವಾಹನಕ್ಕೆ ಅದು ಪ್ರತಿ ವರ್ಷ ಆಗಬೇಕು. ನಿಮ್ಮ ನಕ್ಷೆ ತಗೊಂಡು ಆರ್‌ಟಿಒ ಕಚೇರಿಗೆ ಹೋಗಿ, ಯಾವ ವರ್ಗಕ್ಕೆ ಬದಲಾಗುತ್ತೆ ಅಂತ ಬರಹದಲ್ಲಿ ಕೇಳ್ರಿ. ವೇಬ್ರಿಜ್‌ನಲ್ಲಿ ಮುಂದಿನ ಗಾಲಿ ಬೇರೆ, ಹಿಂದಿನ ಗಾಲಿ ಬೇರೆ ತೂಗಿಸ್ರಿ. ಗ್ರೈಂಡರ್ ಕೊನೆಗೆ.

ಆ ಬಸ್ಸು ಈಗ ಯಾರದೋ ಪಾಲಾಗಿದೆ. ಅಣ್ಣ ಎರಡು ವಾರ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ಮೊನ್ನೆ ಭಾನುವಾರ ತಾನೇ ಬಂದು ಬೈಕ್ ತೆಗಿ ಅಂದ. ಟೆಂಟ್ ಕಟ್ಕೊಂಡು ಜಲದುರ್ಗದ ಕಡೆ ಹೋದ್ವಿ. ದಾರಿಯಲ್ಲಿ ಟೀ ಅಂಗಡಿ ಮುಂದೆ ಒಂದು ಮಿನಿ ಬಸ್ ಮಾರಾಟಕ್ಕೆ ನಿಂತಿತ್ತು. ಅಣ್ಣ ಗಾಡಿ ಸುತ್ತ ಒಂದು ಸುತ್ತು ಹಾಕಿ, ಮಾಲೀಕನ ಹತ್ರ ಹೋಗಿ ಕೇಳಿದ: “ಆರ್‌ಸಿ ತೋರಿಸ್ರಿ ಮದ್ಲ.”